ಅಮ್ಮ ಏಳುವ ಮೊದಲಿನ ಎರಡು ನಿಮಿಷ

ಸೊಪ್ಪಿನವಳು ಗೇಟಿನ ಹತ್ತಿರ ಬಂದು ಕೂಗಿದಾಗ ಅಮ್ಮ ಇನ್ನೂ ತಟ್ಟೆಯ ಮುಂದೆ ಕೂತಿದ್ದಳು. ಉಪ್ಪಿಟ್ಟು ಮುಗಿದಿತ್ತು, ಲೋಟದಲ್ಲಿ ಅರ್ಧ ಕಾಫಿ ಉಳಿದಿತ್ತು. "ಬಂದೆ, ನಿಲ್ಲು" ಎಂದು ಎದ್ದವಳು ನಾಲ್ಕು ಹೆಜ್ಜೆ ಇಟ್ಟು, ಹೊಸ್ತಿಲು ದಾಟುವ ಮೊದಲೇ ಗೋಡೆಯ ಕಡೆಗೆ ಕೈ ಚಾಚಿದಳು. ಗೋಡೆ ಕೈಗೆ ಸಿಗಲಿಲ್ಲ. ನಾನು ಒಳಕೋಣೆಯಿಂದ ಓಡಿ ಬರುವಷ್ಟರಲ್ಲಿ ನೆಲದ ಮೇಲಿದ್ದಳು. ಹುಬ್ಬಿನಿಂದ ರಕ್ತ ಇಳಿಯುತ್ತಿತ್ತು, ಕಣ್ಣು ಮಾತ್ರ ತೆರೆದೇ ಇತ್ತು. "ಏನೂ ಇಲ್ಲ, ಕಣ್ಣು ಕತ್ತಲೆ ಬಂತು. ಪಿತ್ತ ಇರಬೇಕು" ಎಂದಳು. ಸೊಪ್ಪಿನವಳು ಬುಟ್ಟಿಯನ್ನು ಅಲ್ಲೇ ಇಳಿಸಿ ಬಂದು, ತನ್ನ ಸೆರಗನ್ನೇ ಮಡಿಸಿ ಗಾಯಕ್ಕೆ ಒತ್ತಿ ಹಿಡಿದಳು.

ಮೂರು ಹೊಲಿಗೆ ಬಿತ್ತು. ಹೊಲಿಗೆ ಹಾಕಿದ ವೈದ್ಯೆ ಗಾಯಕ್ಕೆ ಕೊಟ್ಟದ್ದಕ್ಕಿಂತ ಹೆಚ್ಚು ಹೊತ್ತನ್ನು ಪ್ರಶ್ನೆಗಳಿಗೆ ಕೊಟ್ಟರು. ಸಕ್ಕರೆ ಕಾಯಿಲೆ ಬಂದು ಎಷ್ಟು ವರ್ಷವಾಯಿತು? ಹತ್ತೊಂಬತ್ತು. ನಾಲ್ಕು ತುತ್ತು ತಿನ್ನುವಷ್ಟರಲ್ಲಿ ಹೊಟ್ಟೆ ತುಂಬಿದಂತಾಗುತ್ತದೆಯೇ? ಆಗುತ್ತದೆ. ಊಟಕ್ಕೆ ಕೂತಾಗ ಮುಖ, ಕತ್ತು ಬೆವರುತ್ತವೆಯೇ? ಬೆವರುತ್ತವೆ. ಪಾದ ಬೆವರುತ್ತದೆಯೇ? ಇಲ್ಲ, ಒಣಗಿ ಬಿರುಕು ಬಿಟ್ಟಿದೆ. ನಡೆಯುವಾಗ ಚಪ್ಪಲಿ ಕಾಲಿನಿಂದ ಕಳಚಿಕೊಂಡದ್ದು ತಿಳಿಯದೆ ಮುಂದೆ ಹೋದದ್ದಿದೆಯೇ?

ಕೊನೆಯ ಪ್ರಶ್ನೆಗೆ ಅಮ್ಮ ನನ್ನ ಮುಖ ನೋಡಿದಳು. ಹಿಂದಿನ ವರ್ಷ ತಿಪಟೂರಿನ ಸಂತೆಯಲ್ಲಿ ನಾನೇ ಅವಳ ಎಡಗಾಲಿನ ಚಪ್ಪಲಿಯನ್ನು ಹತ್ತು ಹೆಜ್ಜೆ ಹಿಂದಿನಿಂದ ಎತ್ತಿ ತಂದು ಕೊಟ್ಟಿದ್ದೆ. ಹಳೆಯ ಚಪ್ಪಲಿ, ಸಡಿಲವಾಗಿದೆ ಎಂದುಕೊಂಡು ಹೊಸದು ಕೊಡಿಸಿದ್ದೆ.

ಅವರು ಕೇಳಿದ ಒಂದೊಂದು ಸಂಗತಿಯೂ ನನಗೆ ಗೊತ್ತಿತ್ತು. ವರ್ಷಗಟ್ಟಲೆ ಕಣ್ಣೆದುರಿಗೇ ಇತ್ತು. ಆದರೆ ನಮ್ಮ ಮನೆಯಲ್ಲಿ ಪ್ರತಿಯೊಂದಕ್ಕೂ ಒಂದೊಂದು ಹೆಸರಿತ್ತು. ತಲೆಸುತ್ತಿಗೆ ಪಿತ್ತ, ಹೊಟ್ಟೆಯುಬ್ಬರಕ್ಕೆ ವಾಯು, ಬೆವರಿಗೆ ಸೆಖೆ, ಪಾದಕ್ಕೆ ವಯಸ್ಸು. ಇವೆಲ್ಲವೂ ಒಂದೇ ಬೇರಿನಿಂದ ಹೊರಟ ಕವಲುಗಳು ಎಂದು ಅಂದು ತಿಳಿಯಿತು. ಆ ಬೇರಿನ ಹೆಸರು ಸ್ವನಿಯಂತ್ರಿತ ನರಮಂಡಲ, ಎಂದರೆ ನಮ್ಮ ಇಚ್ಛೆಗೆ ಕಾಯದೆ ಹೃದಯ, ರಕ್ತನಾಳ, ಜಠರ, ಬೆವರು ಇವನ್ನೆಲ್ಲ ತಾನಾಗಿ ನಡೆಸುವ ನರಗಳ ಜಾಲ.

ಅಂದಿನಿಂದ ನಾನು ಈ ವಿಷಯವನ್ನು ಬಿಟ್ಟೂ ಬಿಡದೆ ಓದಿದ್ದೇನೆ. ನಾನು ವೈದ್ಯಳಲ್ಲ, ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಆದರೂ ಬರೆಯಬೇಕೆನ್ನಿಸಿದೆ, ಏಕೆಂದರೆ ನಮ್ಮಂತೆಯೇ ಎಷ್ಟೋ ಮನೆಗಳಲ್ಲಿ ಈ ಹೊತ್ತಿಗೂ ಯಾರೋ ಮೊಸರನ್ನ ತಿನ್ನುತ್ತಾ ಬೆವರುತ್ತಿರಬಹುದು.

ಎದ್ದು ನಿಲ್ಲುವುದರಿಂದಲೇ ಶುರು ಮಾಡುತ್ತೇನೆ. ಮಲಗಿದ್ದವರು ಎದ್ದು ನಿಂತಾಗ ಸುಮಾರು ಅರ್ಧದಿಂದ ಮುಕ್ಕಾಲು ಲೀಟರ್ ರಕ್ತ ಎದೆಯ ಭಾಗದಿಂದ ಹೊಟ್ಟೆಗೂ ಕಾಲುಗಳಿಗೂ ಇಳಿದುಬಿಡುತ್ತದೆ. ನೀರು ತಗ್ಗಿಗೆ ಹರಿಯುವ ಹಾಗೆ ಇದೂ ತಪ್ಪದೆ ನಡೆಯುವಂಥದ್ದು. ಹೃದಯಕ್ಕೆ ಹಿಂದಿರುಗುವ ರಕ್ತ ಕಡಿಮೆಯಾಗುತ್ತದೆ, ಒತ್ತಡ ಕುಸಿಯತೊಡಗುತ್ತದೆ. ಯಾರೂ ಕೈ ಹಾಕದಿದ್ದರೆ ನಾವು ಪ್ರತಿದಿನ ಬೆಳಿಗ್ಗೆ ಹಾಸಿಗೆಯ ಪಕ್ಕದಲ್ಲೇ ಬೀಳಬೇಕು.

ಬೀಳದಂತೆ ಕಾಯುವುದು ಕತ್ತಿನಲ್ಲಿರುವ ಒಂದು ಪುಟ್ಟ ಜಾಗ. ದವಡೆಯ ಮೂಲೆಯ ಕೆಳಗೆ, ತಲೆಗೆ ಹೋಗುವ ದೊಡ್ಡ ಅಪಧಮನಿ ಎರಡಾಗಿ ಕವಲೊಡೆಯುವ ಕಡೆ, ನಾಳದ ಗೋಡೆ ತುಸು ಉಬ್ಬಿಕೊಂಡಿದೆ. ಆ ಗೋಡೆಯೊಳಗೆ ನರದ ತುದಿಗಳು ಹರಡಿಕೊಂಡಿವೆ. ಹೃದಯದ ಮೇಲೆ ಬಾಗಿ ಹೋಗುವ ಮಹಾಪಧಮನಿಯಲ್ಲಿಯೂ ಇಂಥವೇ ಇವೆ. ಪ್ರತಿ ಬಡಿತಕ್ಕೂ ನಾಳ ಹಿಗ್ಗುತ್ತದೆ, ಹಿಗ್ಗಿದಷ್ಟೂ ಈ ತುದಿಗಳು ಮಿದುಳಿನ ಬುಡಕ್ಕೆ ಸುದ್ದಿ ಕಳಿಸುತ್ತವೆ. ನಾವು ಎದ್ದು ನಿಂತ ಕೂಡಲೇ ಹಿಗ್ಗುವುದು ಕಡಿಮೆಯಾಗಿ ಸುದ್ದಿ ವಿರಳವಾಗುತ್ತದೆ. ಮಿದುಳಿನ ಬುಡಕ್ಕೆ ಅಷ್ಟು ಸಾಕು. ಅದು ಹೃದಯಕ್ಕೆ ಹಾಕಿದ್ದ ಲಗಾಮನ್ನು ಸಡಿಲಿಸುತ್ತದೆ, ಕಾಲು ಮತ್ತು ಹೊಟ್ಟೆಯ ರಕ್ತನಾಳಗಳನ್ನು ಬಿಗಿಯುವಂತೆ ಇನ್ನೊಂದು ದಾರಿಯಲ್ಲಿ ಆಜ್ಞೆ ಕಳಿಸುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಎಲ್ಲವೂ ಸರಿಹೋಗಿರುತ್ತದೆ. ನಾವು ಆಗಲೇ ಬಾಗಿಲ ಬಳಿ ಹೋಗಿ ಸೊಪ್ಪಿನ ಬೆಲೆ ಕೇಳುತ್ತಿರುತ್ತೇವೆ.

ಶಾಲೆಯಲ್ಲಿ ಐದು ಇಂದ್ರಿಯಗಳೆಂದು ಬಾಯಿಪಾಠ ಮಾಡಿದ್ದೆ. ಈ ಕತ್ತಿನ ಜಾಗವನ್ನು ಯಾವ ಇಂದ್ರಿಯ ಎನ್ನುವುದು? ಅದು ಕಾಣುವುದಿಲ್ಲ, ಕೇಳುವುದಿಲ್ಲ, ನಮಗೆ ಏನನ್ನೂ ತಿಳಿಸುವುದೂ ಇಲ್ಲ. ಆದರೆ ಅದು ಅರಿಯುತ್ತದೆ. ಚರ್ಮ ಒಂದು ಸ್ಪರ್ಶವನ್ನು ಅರಿಯುವಷ್ಟೇ ಖಚಿತವಾಗಿ ಅರಿಯುತ್ತದೆ. ಇದು ಹೋಲಿಕೆಯ ಮಾತಲ್ಲ. ಆರ್ಡೆಮ್ ಪಟಪೂಟಿಯನ್ ಅವರ ಪ್ರಯೋಗಾಲಯ 2010ರಲ್ಲಿ ಗುರುತಿಸಿದ ಪೀಜೋ ಎಂಬ ಪ್ರೋಟೀನುಗಳು ಒತ್ತಿದಾಗ, ಎಳೆದಾಗ ತೆರೆದುಕೊಳ್ಳುವ ಬಾಗಿಲುಗಳು. ಬೆರಳ ತುದಿಗೆ ತಾಗಿದ್ದು ತಿಳಿಯುವುದು, ಕಣ್ಣು ಮುಚ್ಚಿದರೂ ಕೈ ಎಲ್ಲಿದೆ ಎಂದು ಗೊತ್ತಿರುವುದು, ಮೂತ್ರಕೋಶ ತುಂಬಿದೆ ಎನ್ನಿಸುವುದು, ರಕ್ತದ ಒತ್ತಡವನ್ನು ಆ ನರದ ತುದಿಗಳು ಅಳೆಯುವುದು ಎಲ್ಲವೂ ಇದೇ ಮನೆತನದ ಬಾಗಿಲುಗಳ ಕೆಲಸ. ಕೆಲವು ಸುದ್ದಿಗಳು ಅರಿವಿನವರೆಗೆ ಬರುತ್ತವೆ, ಬಹುಪಾಲು ಬರುವುದಿಲ್ಲ. ಬಾರದೆ ಉಳಿದವುಗಳ ಮೇಲೆಯೇ ನಾವು ಬದುಕಿದ್ದೇವೆ ಎಂಬುದು ನನಗೆ ಅಮ್ಮ ಬಿದ್ದ ಮೇಲೆ ಅರ್ಥವಾಯಿತು.

ಅಂದು ವೈದ್ಯೆ ಅಮ್ಮನನ್ನು ಮಲಗಿಸಿ ರಕ್ತದೊತ್ತಡ ನೋಡಿದರು. 138/82. ನಿಲ್ಲಿಸಿ ಮತ್ತೆ ನೋಡಿದರು. 108/70. ನಿಂತು ಮೂರು ನಿಮಿಷದೊಳಗೆ ಮೇಲಿನ ಸಂಖ್ಯೆ 20 ಇಳಿದರೆ ಅಥವಾ ಕೆಳಗಿನದು 10 ಇಳಿದರೆ ಅದನ್ನು ದೋಷವೆಂದೇ ಎಣಿಸುತ್ತಾರೆ. ಅವರು ಹೆಚ್ಚು ಗಮನಿಸಿದ್ದು ನಾಡಿಯನ್ನು. ಮಲಗಿದ್ದಾಗ 96, ನಿಂತಾಗ 98. ಇಷ್ಟು ಕುಸಿದಾಗ ಹೃದಯ ಓಡಬೇಕಿತ್ತು. ಅದಕ್ಕೆ ಸುದ್ದಿಯೇ ಮುಟ್ಟಿರಲಿಲ್ಲ. ತಿಂಡಿಯ ನಂತರ ಬಿದ್ದದ್ದೂ ಕಾಕತಾಳೀಯವಲ್ಲವಂತೆ. ಉಂಡಾಗ ರಕ್ತ ಕರುಳಿನ ಕಡೆಗೆ ಹೋಗುತ್ತದೆ, ಆಗ ಬೇರೆ ನಾಳಗಳು ಬಿಗಿದುಕೊಳ್ಳದಿದ್ದರೆ ಒತ್ತಡ ಇನ್ನಷ್ಟು ಬೀಳುತ್ತದೆ.

ಇನ್ನು ಬೆವರು. ಖಾರ ತಿಂದಾಗ ಬೆವರುವುದು ನಮಗೆಲ್ಲ ಗೊತ್ತಿದ್ದದ್ದೇ. ಅದರ ಹಿಂದಿನ ಕಾರಣ ಸೊಗಸಾಗಿದೆ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್, ನಾಲಿಗೆಯಲ್ಲಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ತೆರೆದುಕೊಳ್ಳಬೇಕಾದ ಬಾಗಿಲನ್ನು ಬಿಸಿಯಿಲ್ಲದೆಯೇ ತೆರೆಯುತ್ತದೆ. ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ಕಂಡುಕೊಂಡ ಈ ಸಂಗತಿಗೆ, ಪಟಪೂಟಿಯನ್ ಅವರ ಕೆಲಸದ ಜೊತೆಯಲ್ಲಿ, 2021ರ ನೊಬೆಲ್ ಬಂತು. ಬಾಯಿ ಸುಡುತ್ತಿದೆ ಎಂದು ಮಿದುಳು ನಂಬುತ್ತದೆ, ಮೈಯನ್ನು ತಣಿಸಲು ಬೆವರಿಸುತ್ತದೆ. ಬ್ಯಾಡಗಿ ಮೆಣಸಿನಕಾಯಿ ಸಾರಿಗೆ ಅಷ್ಟು ಕೆಂಪು ಕೊಟ್ಟೂ ಹಣೆಯನ್ನು ಒದ್ದೆ ಮಾಡದಿರುವುದು ಅದರಲ್ಲಿ ಕ್ಯಾಪ್ಸೈಸಿನ್ ಕಡಿಮೆ ಇರುವುದರಿಂದ. ಆದರೆ ಅಮ್ಮ ಬೆವರುತ್ತಿದ್ದದ್ದು ಮೊಸರನ್ನಕ್ಕೆ. ಫ್ಯಾನಿನ ಕೆಳಗೆ ಕೂತು, ತಣ್ಣಗಿನ ಮೊಸರನ್ನದ ಎರಡನೆಯ ತುತ್ತಿಗೆ ಹಣೆಯಿಂದ ಹನಿಗಳು ಇಳಿಯುತ್ತಿದ್ದವು. ನಾವು ಅದನ್ನು ನೋಡಿ ಫ್ಯಾನನ್ನು ಇನ್ನೂ ಜೋರು ಮಾಡುತ್ತಿದ್ದೆವು. ಅಲ್ಲಿ ತೊಂದರೆ ಇದ್ದದ್ದು ಆಜ್ಞೆ ಸಾಗುವ ನರದಲ್ಲಿಯೇ. ಕಾಲಿನ ಬೆವರಿನ ನರಗಳು ಸೊರಗಿದಾಗ ಪಾದ ಒಣಗುತ್ತದೆ, ಮೇಲಿನ ಮೈ ಬೇಡದ ಹೊತ್ತಿನಲ್ಲಿ ಬೆವರುತ್ತದೆ.

ನರ ಕೆಡುವುದಕ್ಕೂ ಒಂದು ಕ್ರಮವಿದೆ. ವರ್ಷಗಟ್ಟಲೆ ಏರಿದ ಸಕ್ಕರೆ ನರಗಳನ್ನೂ ಅವುಗಳಿಗೆ ರಕ್ತ ಉಣಿಸುವ ಕೂದಲಿನಂಥ ನಾಳಗಳನ್ನೂ ಹಾಳು ಮಾಡುತ್ತದೆ. ಉದ್ದ ಹೆಚ್ಚಿದ್ದಷ್ಟೂ ಪೆಟ್ಟು ಬೇಗ. ಬೆನ್ನುಹುರಿಯಿಂದ ಕಾಲಿನ ಹೆಬ್ಬೆರಳಿನವರೆಗೆ ಸಾಗುವ ನರಗಳು ಮೊದಲು ಮಂಕಾಗುವುದು ಅದಕ್ಕೇ. ಚಪ್ಪಲಿ ಕಳಚಿದ್ದು ತಿಳಿಯದೆ ಹೋದದ್ದು ಅದಕ್ಕೇ. ಸ್ವನಿಯಂತ್ರಿತ ನರಮಂಡಲದಲ್ಲಿ ಎಲ್ಲಕ್ಕಿಂತ ಉದ್ದದ ನರ ವೇಗಸ್. ತಲೆಬುರುಡೆಯ ಬುಡದಿಂದ ಹೊರಟು ಗಂಟಲು, ಹೃದಯ, ಶ್ವಾಸಕೋಶ, ಜಠರ ಎಲ್ಲವನ್ನೂ ಮುಟ್ಟಿಕೊಂಡು ಕರುಳಿನವರೆಗೆ ಹೋಗುತ್ತದೆ. ಲ್ಯಾಟಿನ್ನಿನಲ್ಲಿ ವೇಗಸ್ ಎಂದರೆ ಅಲೆಯುವವನು. ನನಗೆ ಅದನ್ನು ಜಂಗಮ ಎಂದು ಕರೆಯಬೇಕೆನ್ನಿಸುತ್ತದೆ. ಮನೆಮನೆಯ ಬಾಗಿಲಿಗೆ ಹೋಗಿ, ಅಲ್ಲಿನ ಕಷ್ಟಸುಖ ಕೇಳಿಕೊಂಡು, ಸುದ್ದಿಯನ್ನು ಹೊತ್ತು ಮರಳುವವನು. ವಾಸ್ತವವಾಗಿ ಆ ನರದ ಎಳೆಗಳಲ್ಲಿ ಸುಮಾರು ನೂರಕ್ಕೆ ಎಂಬತ್ತು ಒಳಗಿನ ಸುದ್ದಿಯನ್ನು ಮೇಲಕ್ಕೆ ಒಯ್ಯುವಂಥವು. ಕೆಳಗೆ ಆಜ್ಞೆ ತರುವವು ಉಳಿದಷ್ಟೇ.

ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ನಾವು ಸುಮ್ಮನೆ ಕೂತಾಗ ಅದು 70ರ ಆಸುಪಾಸಿನಲ್ಲಿರುವುದು ವೇಗಸ್ ಸದಾ ಅದರ ಹೆಗಲ ಮೇಲೆ ಕೈಯಿಟ್ಟು ನಿಧಾನ, ನಿಧಾನ ಎನ್ನುತ್ತಿರುವುದರಿಂದ. ಅಮ್ಮನ ನಾಡಿ 96 ಇದ್ದದ್ದನ್ನು ಕಂಡು ವೈದ್ಯೆ ಸುಮ್ಮನಾದದ್ದೇಕೆ ಎಂದು ಇದನ್ನು ಓದಿದಾಗ ತಿಳಿಯಿತು. ಹೆಗಲ ಮೇಲಿನ ಕೈ ಜಾರಿತ್ತು.

ಆ ಕೈ ಏನು ಮಾಡುತ್ತದೆ ಎಂಬುದನ್ನು 1921ರಲ್ಲಿ ಆಸ್ಟ್ರಿಯದ ಗ್ರಾಟ್ಸ್ ನಗರದಲ್ಲಿ ಓಟೊ ಲೋವಿ ತೋರಿಸಿದರು. ಪ್ರಯೋಗ ಹೊಳೆದದ್ದು ನಿದ್ದೆಯಲ್ಲಿ. ನಡುರಾತ್ರಿ ಎದ್ದು ಗೀಚಿಟ್ಟದ್ದು ಬೆಳಿಗ್ಗೆ ಅವರಿಗೇ ಓದಲು ಬರಲಿಲ್ಲ. ಮರುದಿನ ರಾತ್ರಿ ಅದೇ ಕನಸು ಮತ್ತೆ ಬಿದ್ದಾಗ ನೇರವಾಗಿ ಪ್ರಯೋಗಾಲಯಕ್ಕೆ ಹೋದರು ಎಂದು ಅವರೇ ಹೇಳಿಕೊಂಡಿದ್ದಾರೆ. ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ಕೆಣಕಿ ಬಡಿತ ನಿಧಾನವಾಗುವಂತೆ ಮಾಡಿ, ಅದರಲ್ಲಿದ್ದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರು. ಯಾವ ನರವೂ ಮುಟ್ಟದ ಆ ಎರಡನೆಯ ಹೃದಯವೂ ನಿಧಾನವಾಯಿತು. ನರ ರಸವೊಂದನ್ನು ಸುರಿಸಿ ಮಾತಾಡುತ್ತದೆ ಎಂದು ಜಗತ್ತು ತಿಳಿದದ್ದು ಹೀಗೆ. 1936ರಲ್ಲಿ ಅವರಿಗೂ ಹೆನ್ರಿ ಡೇಲ್ ಅವರಿಗೂ ನೊಬೆಲ್ ಬಂತು.

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಅಮ್ಮನಿಗೆ ಪರೀಕ್ಷೆಗಳನ್ನು ಮಾಡಿದರು. ಎದೆಗೆ ಇಸಿಜಿಯ ತಂತಿಗಳನ್ನು ಅಂಟಿಸಿ, ಒಬ್ಬ ಹುಡುಗಿ ಕೈಯನ್ನು ಮೆಲ್ಲಗೆ ಮೇಲೆತ್ತುತ್ತಾ, ಕೆಳಗಿಳಿಸುತ್ತಾ ಹೇಳಿಕೊಟ್ಟಳು: "ಅಮ್ಮಾ, ಐದು ಎಣಿಸುವವರೆಗೆ ಉಸಿರು ಎಳೆದುಕೊಳ್ಳಿ. ಐದು ಎಣಿಸುವವರೆಗೆ ಬಿಡಿ." ನಿಮಿಷಕ್ಕೆ ಆರು ಉಸಿರು. ಆರೋಗ್ಯವಂತರಲ್ಲಿ ಉಸಿರು ಒಳಗೆ ಹೋಗುವಾಗ ವೇಗಸ್ ಹಿಡಿತ ಸಡಿಲವಾಗಿ ಹೃದಯ ಚುರುಕಾಗುತ್ತದೆ, ಹೊರಗೆ ಬರುವಾಗ ಮತ್ತೆ ನಿಧಾನವಾಗುತ್ತದೆ. ಜರ್ಮನಿಯ ಕಾರ್ಲ್ ಲೂಡ್ವಿಗ್ 1847ರಲ್ಲೇ ನಾಯಿಯ ರಕ್ತದೊತ್ತಡವನ್ನು ತಿರುಗುವ ಸಿಲಿಂಡರಿನ ಮೇಲೆ ಗೆರೆಯಾಗಿ ಮೂಡಿಸಿ, ಉಸಿರಿನ ಜೊತೆ ನಾಡಿಯೂ ಏರಿಳಿಯುವುದನ್ನು ಕಂಡಿದ್ದರು. ಈ ಪರೀಕ್ಷೆಯಲ್ಲಿ ಏರಿಳಿತದ ಅಂತರ ನಿಮಿಷಕ್ಕೆ 15 ಬಡಿತ ಅಥವಾ ಹೆಚ್ಚಿದ್ದರೆ ಚೆನ್ನ, 10ಕ್ಕಿಂತ ಕಡಿಮೆಯಾದರೆ ಕಳವಳ. ವಯಸ್ಸಾದಂತೆ ತಾನಾಗಿ ತಗ್ಗುತ್ತದೆ ನಿಜ. ಅಮ್ಮನದು 4.

ಪರದೆಯ ಮೇಲೆ ಅಮ್ಮನ ಹೃದಯದ ಗೆರೆ ಅಳತೆಗೋಲು ಇಟ್ಟು ಬರೆದ ಹಾಗೆ ಸಾಗುತ್ತಿತ್ತು. ಒಂದೇ ಅಂತರ, ಒಂದೇ ಎತ್ತರ. ಅಷ್ಟು ಅಚ್ಚುಕಟ್ಟಾದ ಗೆರೆಯನ್ನು ಕಂಡು ನನಗೆ ಸಮಾಧಾನವೇ ಆಗಿತ್ತು. ವೈದ್ಯರು ಬಂದು ವಿವರಿಸಿದ ಮೇಲೆ ಅದನ್ನು ನೋಡಲಾಗಲಿಲ್ಲ. ಗಡಿಯಾರದ ಹಾಗೆ ಬಡಿಯುವುದು ಹೃದಯದ ಗುಣವೆಂದು ನಾನು ನಂಬಿಕೊಂಡು ಬಂದಿದ್ದೆ. ಚೆನ್ನಾಗಿರುವ ಹೃದಯ ಹಾಗಿರುವುದಿಲ್ಲ. ಅದು ಉಸಿರಿಗೆ ಓಗೊಡುತ್ತದೆ, ಎದ್ದರೆ ಓಗೊಡುತ್ತದೆ, ಬಾಗಿಲು ಬಡಿದರೆ ಓಗೊಡುತ್ತದೆ. ಒಳಗಿನ ಮಾತುಕತೆ ನಿಂತಾಗ ಮಾತ್ರ ಅದು ಗಡಿಯಾರವಾಗುತ್ತದೆ. ಆ ರಾತ್ರಿ ಮಲಗಿಕೊಂಡು ನನ್ನ ಮುಂಗೈಯ ನಾಡಿ ಹಿಡಿದು ಉಸಿರಾಡಿದೆ. ಒಳಗೆಳೆದಾಗ ಬೆರಳಡಿಯಲ್ಲಿ ಬಡಿತಗಳು ಒತ್ತೊತ್ತಾದವು, ಬಿಟ್ಟಾಗ ದೂರದೂರವಾದವು. ನಲವತ್ತೊಂದು ವರ್ಷದಿಂದ ನನ್ನೊಳಗೆ ನಡೆದದ್ದನ್ನು ಅದೇ ಮೊದಲ ಸಲ ಮುಟ್ಟಿದ್ದೆ.

ಇನ್ನೊಂದು ಪರೀಕ್ಷೆಯಲ್ಲಿ ಅಮ್ಮ ಒಂದು ಕೊಳವೆಗೆ ಉಸಿರು ಊದಿ, ಪಾದರಸದ 40 ಮಿಲಿಮೀಟರ್ ಒತ್ತಡವನ್ನು ಹದಿನೈದು ಸೆಕೆಂಡು ಹಿಡಿದಿಡಬೇಕಿತ್ತು. ಎದೆಯೊಳಗಿನ ಒತ್ತಡ ಏರಿ, ಹೃದಯಕ್ಕೆ ಮರಳುವ ರಕ್ತಕ್ಕೆ ತಡೆಯಾಗುತ್ತದೆ. ಆಗ ನರಗಳು ಹೇಗೆ ಸ್ಪಂದಿಸುತ್ತವೆ ಎಂದು ನೋಡುತ್ತಾರೆ. ಇದನ್ನು ಓದುತ್ತಿರುವಾಗ ನಮ್ಮ ಮೈಸೂರಿಗೇ ಬಂದು ಮುಟ್ಟಿದೆ. ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸುತ್ತಿದ್ದ ಟಿ. ಕೃಷ್ಣಮಾಚಾರ್ಯರು ನಾಡಿಯನ್ನು ನಿಲ್ಲಿಸಬಲ್ಲರೆಂದು ಹೆಸರಾಗಿದ್ದರು. ಸಂಶೋಧಕರಾದ ವೆಂಗರ್, ಬಾಗ್ಚಿ ಮತ್ತು ದೆಹಲಿಯ ಏಮ್ಸ್‌ನ ಬಿ. ಕೆ. ಆನಂದ್ ಇಂಥ ಯೋಗಿಗಳನ್ನು ಇಸಿಜಿಗೆ ಜೋಡಿಸಿ ಪರೀಕ್ಷಿಸಿ 1961ರಲ್ಲಿ ವರದಿ ಬರೆದರು. ಅವರು ಪರೀಕ್ಷಿಸಿದವರಲ್ಲಿ ಕೃಷ್ಣಮಾಚಾರ್ಯರೂ ಇದ್ದರು. ನಾಡಿ ಕೈಗೆ ಸಿಗದಾಗಲೂ, ಸ್ಟೆತಸ್ಕೋಪಿಗೆ ಸದ್ದು ಕೇಳದಾಗಲೂ ಇಸಿಜಿಯಲ್ಲಿ ಹೃದಯ ಬಡಿಯುತ್ತಲೇ ಇತ್ತು. ಉಸಿರು ಹಿಡಿದು, ಎದೆಹೊಟ್ಟೆಯ ಸ್ನಾಯುಗಳನ್ನು ಬಿಗಿದು, ಮರಳುವ ರಕ್ತವನ್ನು ಅವರು ತಡೆದಿದ್ದರು. ಇದರಿಂದ ಯೋಗಿಗಳ ಮೇಲಿನ ನನ್ನ ಗೌರವ ಕಡಿಮೆಯಾಗಲಿಲ್ಲ. ಇಚ್ಛೆಗೆ ಸಿಗದ ಒಂದು ಮನೆಗೆ ಉಸಿರು ಮತ್ತು ಸ್ನಾಯುಗಳೆಂಬ ಹಿತ್ತಿಲ ಬಾಗಿಲಿದೆ ಎಂದು ಅವರು ಯಂತ್ರಗಳಿಲ್ಲದೆ ಅರಿತಿದ್ದರು.

ಕನ್ನಡಕ್ಕೂ ಈ ಮನೆಯ ಪರಿಚಯ ಚೆನ್ನಾಗಿಯೇ ಇದೆ. ಎದೆ ಝಲ್ಲೆಂದಿತು, ಬಾಯಿ ಒಣಗಿತು, ಮೈ ನವಿರೆದ್ದಿತು, ಬೆವರಿಳಿಯಿತು, ಕೈ ನಡುಗಿತು ಎನ್ನುತ್ತೇವೆ. ಒಂದೊಂದೂ ಸಿಂಪಥೆಟಿಕ್ ನರಗಳು, ಎಂದರೆ ಸ್ವನಿಯಂತ್ರಿತ ನರಮಂಡಲದಲ್ಲಿ ಮೈಯನ್ನು ತುರ್ತಿಗೆ ಸಜ್ಜುಗೊಳಿಸುವ ನರಗಳು, ನಿಜವಾಗಿ ಮಾಡುವ ಕೆಲಸ. ಜೊಲ್ಲು ತಗ್ಗುತ್ತದೆ, ರೋಮದ ಬುಡದ ಪುಟ್ಟ ಸ್ನಾಯು ಬಿಗಿಯುತ್ತದೆ, ಅಡ್ರಿನಲಿನ್ ಹೃದಯವನ್ನು ಹೊಡೆದೆಬ್ಬಿಸುತ್ತದೆ. ಇವನ್ನು ನಾವು ಭಯದ ಲಕ್ಷಣಗಳೆಂದು ಮಾತ್ರ ತಿಳಿದಿದ್ದೇವೆ. ರಕ್ತದಲ್ಲಿ ಸಕ್ಕರೆ ತೀರಾ ಇಳಿದಾಗ ದೇಹ ಕೂಗಿಕೊಳ್ಳುವುದೂ ಇದೇ ದನಿಯಲ್ಲಿ.

ಆ ದನಿ ಅಡಗಿದರೆ ಏನಾಗುತ್ತದೆ ಎಂಬುದನ್ನು ಕಳೆದ ಜನವರಿಯಲ್ಲಿ ಕಂಡೆ. ಅವರೆಕಾಯಿಯ ಕಾಲ. ಅಮ್ಮ ಮೊರದ ಮುಂದೆ ಕೂತು ಕಾಯಿ ಸುಲಿಯುತ್ತಿದ್ದಳು. ಮುಖದಲ್ಲಿ ಬೆವರಿಲ್ಲ, ಕೈಯಲ್ಲಿ ನಡುಕವಿಲ್ಲ, ಶಾಂತವಾಗಿ ಸುಲಿಯುತ್ತಲೇ ಇದ್ದಳು. ನಾನು ಪಾತ್ರೆಯೊಳಗೆ ನೋಡಿದೆ. ಸಿಪ್ಪೆಯೆಲ್ಲ ಪಾತ್ರೆಯಲ್ಲಿತ್ತು, ಕಾಳು ಕಸದ ಕಾಗದದ ಮೇಲಿತ್ತು. "ಅಮ್ಮ, ಏನು ಮಾಡುತ್ತಿದ್ದೀಯ?" ಎಂದರೆ "ಕಾಳು ಬಿಡಿಸುತ್ತಿದ್ದೇನೆ, ಕಾಣುವುದಿಲ್ಲವೇ?" ಎಂದಳು. ಬೆರಳು ಚುಚ್ಚಿ ನೋಡಿದರೆ 51. 70ಕ್ಕಿಂತ ಇಳಿದರೇ ಅಪಾಯದ ಗಡಿ. ಮಿದುಳಿಗೆ ಆಹಾರ ಸಾಲದಾಗಿತ್ತು, ಎಚ್ಚರಿಸಬೇಕಾದ ನಡುಕವೂ ಬೆವರೂ ಬರಲೇ ಇಲ್ಲ. ಮೊಸರನ್ನಕ್ಕೆ ಇಳಿಯುತ್ತಿದ್ದ ಬೆವರು ಬೇಕಾದ ಹೊತ್ತಿಗೆ ಇಳಿಯಲಿಲ್ಲ. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿದೆ. ಹದಿನೈದು ನಿಮಿಷದ ಮೇಲೆ ಅವಳು ಪಾತ್ರೆ ನೋಡಿ, ನನ್ನನ್ನು ನೋಡಿ, ಏನೂ ಮಾತಾಡದೆ ಕಾಳುಗಳನ್ನು ಒಂದೊಂದಾಗಿ ಆರಿಸತೊಡಗಿದಳು. ನಾನೂ ಎದುರಿಗೆ ಕೂತು ಆರಿಸಿದೆ.

ಅವಳ ಇನ್ಸುಲಿನ್ ಪ್ರಮಾಣವನ್ನು ವೈದ್ಯರು ತಗ್ಗಿಸಿದ್ದಾರೆ. ಈಗ ಮನೆಯ ಕ್ರಮ ಬದಲಾಗಿದೆ. ಊಟವನ್ನು ಸ್ವಲ್ಪ ಸ್ವಲ್ಪವಾಗಿ ಐದು ಸಲ ಮಾಡುತ್ತಾಳೆ. ಮಂಚದ ತಲೆಯ ಕಡೆಯ ಕಾಲುಗಳಿಗೆ ಮರದ ತುಂಡು ಇಟ್ಟು ಎತ್ತರಿಸಿದ್ದೇವೆ. ಬೆಳಿಗ್ಗೆ ಏಳುವ ಮೊದಲು ಎರಡು ಲೋಟ ನೀರು ಕುಡಿಯುತ್ತಾಳೆ. ಇಂಥ ತೊಂದರೆಯಿದ್ದವರಲ್ಲಿ ಬರಿಯ ನೀರು ಒತ್ತಡವನ್ನು ಸ್ವಲ್ಪ ಹೊತ್ತು ಏರಿಸುತ್ತದೆ ಎಂಬುದು ನನಗೆ ಬೆರಗು ಹುಟ್ಟಿಸಿದ ಸಂಗತಿ. ಸಂಜೆ ದೀಪ ಹಚ್ಚಿದ ಮೇಲೆ ಅವಳ ಪಾದಗಳನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಗಾಯ, ಬೊಬ್ಬೆ ಏನಾದರೂ ಇದೆಯೇ ಎಂದು ನೋಡುತ್ತೇನೆ. ಮೊದಲ ವಾರ ಅವಳು ಕಾಲು ಎಳೆದುಕೊಳ್ಳುತ್ತಿದ್ದಳು, ಮಗಳ ಕೈಯಲ್ಲಿ ಕಾಲು ಹಿಡಿಸಿಕೊಳ್ಳುವುದೇ ಎಂದು. ಈಗ ಎಳೆದುಕೊಳ್ಳುವುದಿಲ್ಲ.

ರಾತ್ರಿ ಮಾತ್ರ ಕಷ್ಟ. ಮೂರು ಗಂಟೆಯ ಸುಮಾರಿಗೆ ಅವಳು ಬಚ್ಚಲಿಗೆ ಏಳುತ್ತಾಳೆ. ನಾನು ಊರಲ್ಲಿರುವಾಗ ಪಕ್ಕದ ಮಂಚದಲ್ಲೇ ಮಲಗುತ್ತೇನೆ, ಅವಳು ಮಗ್ಗುಲು ಬದಲಿಸಿದರೆ ಎಚ್ಚರವಾಗುತ್ತದೆ. ಎದ್ದು ಕೂತು, ಕಾಲುಗಳನ್ನು ಕೆಳಗೆ ಇಳಿಬಿಟ್ಟು, ಎರಡು ನಿಮಿಷ ಹಾಗೆಯೇ ಇರಬೇಕು. ನಾನೂ ಪಕ್ಕದಲ್ಲಿ ಕೂರುತ್ತೇನೆ. ದೀಪ ಹಾಕುವುದಿಲ್ಲ. ಅವಳು ಪಾದಗಳನ್ನು ಮೇಲಕ್ಕೆ ಕೆಳಕ್ಕೆ ಆಡಿಸುತ್ತಾಳೆ, ಮುಷ್ಟಿ ಬಿಗಿದು ಬಿಡುತ್ತಾಳೆ. ಹಗಲಿನಲ್ಲಿ ಆಡದ ಮಾತುಗಳನ್ನು ಆ ಹೊತ್ತಿನಲ್ಲಿ ಆಡುತ್ತಾಳೆ. ನನ್ನ ಅಜ್ಜಿಯೂ ಕೊನೆಯ ವರ್ಷಗಳಲ್ಲಿ ಎದ್ದರೆ ಬೀಳುತ್ತಿದ್ದಳಂತೆ, ಆಗ ದೃಷ್ಟಿ ತೆಗೆಯುತ್ತಿದ್ದರಂತೆ. ಮೊನ್ನೆ ತೆಂಗಿನ ತೋಟದ ಬಾವಿಯ ಬಗ್ಗೆ ಏನೋ ಹೇಳಲು ಶುರು ಮಾಡಿ ನಡುವೆ ನಿಲ್ಲಿಸಿದಳು. ಹೊರಗೆ ಗರಿಗಳು ಅಲುಗುತ್ತಿದ್ದವು. ನಾನು ಅವಳ ಮುಂಗೈ ಹಿಡಿದುಕೊಂಡಿದ್ದೆ, ಬೆರಳು ತಾನಾಗಿ ನಾಡಿಯ ಮೇಲೆ ಹೋಗಿತ್ತು. ಒಂದೇ ಸಮನೆ ಬಡಿಯುತ್ತಿತ್ತು.

"ಈಗ ಏಳಲೇ?" ಎಂದು ಕೇಳಿದಳು.

"ಇನ್ನು ಸ್ವಲ್ಪ ಇರಮ್ಮ. ಬಾವಿಯ ಕತೆ ಮುಗಿಸು" ಎಂದೆ.